ಸೀಟು ಹೊಲಿಯುವವನ ರಜೆ ಅರ್ಜಿ

ಆ ಚಿತ್ರಮಂದಿರದಲ್ಲಿ ಏಳುನೂರ ಹನ್ನೆರಡು ಸೀಟುಗಳಿವೆ. ಅಷ್ಟೂ ಸೀಟಿನ ಹೊಟ್ಟೆಯೊಳಗೆ ಏನಿದೆ ಎಂದು ಬಲ್ಲವನು ಒಬ್ಬನೇ. ಹರಿದ ರೆಕ್ಸಿನ್ ಹೊಲಿಯುವುದು, ಕುಸಿದ ಸ್ಪಂಜು ಬದಲಿಸುವುದು, ಮಡಚಿಕೊಳ್ಳದ ಸೀಟಿಗೆ ಸ್ಪ್ರಿಂಗು ಬಿಗಿಯುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ. ಅಲ್ಲಿನವರಿಗೆಲ್ಲ ಅವನು ಸೀಟು ಮಾಮ. ಮದುವೆಯಾಗದ, ಯಾರ ತಂಟೆಗೂ ಹೋಗದ, ಸದಾ ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡಿರುವ ಮನುಷ್ಯ. ಬಾಯಲ್ಲಿ ಮೊಳೆ ಇದ್ದರೆ ಒಂದು ಅನುಕೂಲವಿದೆ: ಯಾರೂ ಮನೆಯ ವಿಚಾರ ಕೇಳುವುದಿಲ್ಲ.

ಮನೆಯಲ್ಲಿ ಇನ್ನೊಬ್ಬನಿದ್ದ. ಬ್ರೆಡ್ಡು ಸುಡುವ ಒಲೆಯ ಮುಂದೆ ನಿಂತು ನಿಂತು ಮುಖ ಕೆಂಪಗೆ ಮಾಡಿಕೊಂಡವನು. ಮಹಡಿ ಮೇಲಿನ ಎರಡು ಕೋಣೆಯಲ್ಲಿ ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಬಾಳುತ್ತಿದ್ದರು. ಬಾಳುತ್ತಿದ್ದರು ಎಂದೇ ಹೇಳಬೇಕು. ಜೊತೆಗಿದ್ದರು, ರೂಮು ಹಂಚಿಕೊಂಡಿದ್ದರು ಎಂದೆಲ್ಲ ಹೇಳಿದರೆ ಅದು ಸುಳ್ಳು.

ಹಾಗೆ ನೋಡಿದರೆ ಸುಳ್ಳಿಗೇನೂ ಬರವಿರಲಿಲ್ಲ. ಮನೆ ಒಡತಿಗೆ ಬ್ರೆಡ್ಡಿನವನು ಚಿಕ್ಕಪ್ಪನ ಮಗ. ಹಾಲಿನವಳಿಗೆ ಭಾವಮೈದ. ಒಮ್ಮೆ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರೂ ಎದುರುಬದುರಾಗಿ, ಒಡತಿ ಸೊಂಟದ ಮೇಲೆ ಕೈಯಿಟ್ಟು, "ಅದೇನ್ರೀ, ಚಿಕ್ಕಪ್ಪನ ಮಗ ಯಾವಾಗ ಭಾವಮೈದ ಆದ?" ಎಂದು ಕೇಳಿದಳು. ಬ್ರೆಡ್ಡಿನವನು ಕಣ್ಣು ಕೂಡ ಮಿಟುಕಿಸಲಿಲ್ಲ. "ದೊಡ್ಡ ಕುಟುಂಬ ಅಮ್ಮ, ಒಳಗೊಳಗೇ ಕೊಟ್ಟು ತಂದು ಮಾಡಿದ್ದೀವಿ" ಎಂದ. ಆಮೇಲೆ ಬಾಗಿಲು ಹಾಕಿಕೊಂಡು ಗಂಡಸರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಗ ವಯಸ್ಸಿತ್ತು. ಈಗ ಯಾರಿಗೆ ಯಾವ ಸುಳ್ಳು ಹೇಳಿದ್ದೇವೆ ಎಂದು ನೆನಪಿಟ್ಟುಕೊಳ್ಳುವುದೇ ಇನ್ನೊಂದು ದುಡಿಮೆಯಾಗಿತ್ತು.

ಅಂಥ ಹೊತ್ತಿಗೆ ಆ ಸಿನಿಮಾ ಬಂತು. ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಹುಡುಗರ ಕಥೆ. ಕೊನೆಯಲ್ಲಿ ಒಬ್ಬನ ತಾಯಿ ಇಬ್ಬರನ್ನೂ ಎಳೆದು ಎದೆಗೆ ಅವಚಿಕೊಳ್ಳುತ್ತಾಳೆ, ಹಾಡು ಶುರುವಾಗುತ್ತದೆ, ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ತೊಂಬತ್ತು ದಿನ ದಾಟಿದರೂ ಮ್ಯಾಟಿನಿಗೆ ಕೂಡ ಸೀಟು ಸಿಗುತ್ತಿರಲಿಲ್ಲ. ಬಸ್ಸಿನವನ ಬಾಯಲ್ಲೂ ಅದೇ ಹಾಡು, ತರಕಾರಿಯವಳ ಬಾಯಲ್ಲೂ ಅದೇ ಹಾಡು.

ಸೀಟು ಮಾಮ ಅದನ್ನು ಪೂರ್ತಿ ನೋಡಿರಲಿಲ್ಲ. ಅವನಿಗೆ ಸಿನಿಮಾ ತಿಳಿಯುವುದು ಸೀಟಿನಿಂದ. ಹೊಡೆದಾಟದ ಚಿತ್ರವಾದರೆ ಸೀಟಿನ ಬೆನ್ನು ಹರಿಯುತ್ತದೆ, ಹಿಂದಿನವರು ಒದೆಯುತ್ತಾರೆ. ಅಳಿಸುವ ಚಿತ್ರವಾದರೆ ಕೈಹಿಡಿಕೆ ಹಾಳಾಗುತ್ತದೆ. ಈ ಚಿತ್ರ ಬಂದ ಮೇಲೆ ಸಾಲು ಸಾಲು ಕೈಹಿಡಿಕೆಗಳ ಮೇಲೆ ಉಗುರಿನ ಗುರುತು. ಇಷ್ಟೊಂದು ಜನ ನಮಗಾಗಿ ಹೀಗೆ ಬಿಗಿಹಿಡಿದು ಕೂತಿದ್ದರೇ ಎಂದು ಅವನು ಆ ಗುರುತುಗಳ ಮೇಲೆ ಬೆರಳಾಡಿಸುತ್ತಿದ್ದ.

ಕತ್ತಲಲ್ಲಿ ಜನಕ್ಕೆ ದಾರಿ ತೋರಿಸುವ ಟಾರ್ಚಕ್ಕ ದಿನಾ ಮೂಗು ಒರೆಸಿಕೊಳ್ಳುತ್ತಲೇ ಹೊರಗೆ ಬರುತ್ತಿದ್ದಳು.

"ಮಾಮ, ದಿನಕ್ಕೆ ಮೂರು ಸಲ ನೋಡ್ತೀನಿ, ಮೂರು ಸಲಾನೂ ಅಳ್ತೀನಿ."

"ನೀನು ಅತ್ತಿದ್ದಕ್ಕೆ ಎಫ್ ಸಾಲಿನ ರೆಕ್ಸಿನ್ ಎಲ್ಲ ಬೂಷ್ಟು ಹಿಡಿದಿದೆ."

"ನಿಮ್ಮದು ಕಲ್ಲೆದೆ, ಮೊಳೆ ತಿಂದೂ ತಿಂದೂ ಹಂಗಾಗಿದೆ. ಪಾಪ ಕಣ್ರೀ, ಎಂಥ ಮುದ್ದು ಹುಡುಗರು!"

"ನಿನ್ನ ಮಗ ಹಂಗೇ ಒಬ್ಬನ್ನ ಮನೆಗೆ ಕರ್ಕೊಂಡು ಬಂದರೆ?"

"ಅಯ್ಯೋ, ಬಿಡ್ತು ಅನ್ನಿ ಮಾಮ! ಅದೆಲ್ಲ ಸಿನಿಮಾದಲ್ಲಿ ಚೆಂದ."

ಪತ್ರಿಕೆಯ ಹಿಂದಿನ ಪುಟದ ತುಂಬ ಆ ಸಿನಿಮಾದ ಜಾಹೀರಾತು ಇರುತ್ತಿತ್ತು. ಇಂಥವರು ಮದುವೆಯಾಗಬಹುದೇ ಎಂಬ ಮೊಕದ್ದಮೆ ಮತ್ತೆ ಮುಂದಕ್ಕೆ ಹೋಯಿತು ಎಂಬ ಸುದ್ದಿ ಒಳಗಡೆ ಎಲ್ಲೋ, ಬೆರಳಗಲ. ಅದನ್ನು ಓದಿದವರು ಮಹಡಿ ಮೇಲಿನ ಆ ಇಬ್ಬರೇ ಇರಬೇಕು.

ಮ್ಯಾನೇಜರು ಕೆಟ್ಟವನಲ್ಲ. ಚಿತ್ರ ಓಡುವ ಖುಷಿಯಲ್ಲಿ, ಇಂಥವರ ಬಾವುಟವೆಂದು ಏಳು ಬಣ್ಣದ ದೊಡ್ಡ ಬಟ್ಟೆಯೊಂದನ್ನು ಬಾಗಿಲ ಮೇಲೆ ತೂಗುಹಾಕಿಸಿದ. ಹೊಲಿದವನು ಸೀಟು ಮಾಮನೇ. ಕೆಲಸಗಾರರನ್ನೆಲ್ಲ ಅದರ ಕೆಳಗೆ ನಿಲ್ಲಿಸಿ ಮ್ಯಾನೇಜರು ಭಾಷಣ ಮಾಡಿದ: "ಇದು ನಮ್ಮ ಮನೆ. ಇಲ್ಲಿ ಯಾರೂ ಏನನ್ನೂ ಮುಚ್ಚಿಡಬೇಕಾಗಿಲ್ಲ. ಎಲ್ಲರ ಪ್ರೀತಿಯೂ ಒಂದೇ." ಅವನ ದನಿ ನಡುಗಿತು. ಸೀಟು ಮಾಮನ ಎದೆಯೊಳಗೂ ಏನೋ ಸಡಿಲಾಯಿತು.

ನಂಬಬಾರದಿತ್ತು. ಆದರೆ ಮೂರು ತಿಂಗಳು ದಿನಾ ಅದೇ ಹಾಡು ಕಿವಿಗೆ ಬಿದ್ದರೆ ಎಂಥವನೂ ನಂಬುತ್ತಾನೆ.

ಮುಂದಿನ ಸೋಮವಾರ ಬೇಕರಿಯ ಒದ್ದೆ ನೆಲದಲ್ಲಿ ಬ್ರೆಡ್ಡಿನವನು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಗುರುವಾರ ಆಪರೇಷನ್ ಎಂದರು. ಮನೆಯವರೊಬ್ಬರು ಹತ್ತು ದಿನ ಹಾಸಿಗೆಯ ಪಕ್ಕ ಇರಲೇಬೇಕು, ಇಲ್ಲದಿದ್ದರೆ ಆಪರೇಷನ್ ಮಾಡುವುದಿಲ್ಲ ಎಂದೂ ಹೇಳಿದರು. ಆಸ್ಪತ್ರೆಯ ಕಿಟಕಿಯಲ್ಲಿ, "ನೀವು ಏನಾಗಬೇಕು?" ಎಂದು ಕೇಳಿದಾಗ ಸೀಟು ಮಾಮ ಅಭ್ಯಾಸಬಲದಿಂದ "ಅಣ್ಣ" ಎಂದ. ಒಂದು ಪ್ರಶ್ನೆಯೂ ಬರಲಿಲ್ಲ.

ಉಳಿದದ್ದು ರಜೆ. ಚಿತ್ರಮಂದಿರದಲ್ಲಿ ಮೂರು ದಿನ ಹೇಳದೆ ತಪ್ಪಿಸಿಕೊಂಡರೆ ಹೆಸರು ಹೊಡೆದುಹಾಕುತ್ತಾರೆ. ಐವತ್ನಾಲ್ಕರಲ್ಲಿ ಹೆಸರು ಹೊಡೆಸಿಕೊಂಡರೆ ಮತ್ತೆ ಯಾರು ಕರೆಯುತ್ತಾರೆ? ಮನೆಯವರ ಕಾಯಿಲೆಗೆಂದೇ ಒಂದು ರಜೆಯಿದೆ, ಅದಕ್ಕೊಂದು ಅರ್ಜಿಯಿದೆ. ಅರ್ಜಿಯಲ್ಲಿ ರೋಗಿ ಏನಾಗಬೇಕು ಎಂಬ ಕಾಲಂ. ಸೀಟು ಮಾಮ ಏಳು ಬಣ್ಣದ ಬಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಪೆನ್ನು ಹಿಡಿದು, ಬಹಳ ಹೊತ್ತು ಯೋಚಿಸಿದ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವಾದರೂ ಒಂದು ಕಾಗದದ ಮೇಲೆ ನಿಜ ಬರೆಯೋಣ ಎನಿಸಿತು. ಬರೆದ: 'ಇಪ್ಪತ್ತೆರಡು ವರ್ಷದಿಂದ ನನ್ನ ಬಾಳಿನ ಜೊತೆಗಾರ.'

ಮ್ಯಾನೇಜರು ಓದಿದ. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದ. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

"ಏನ್ರೀ ಇದು?"

"ನೀವೇ ಹೇಳಿದ್ರಲ್ಲ ಸಾರ್, ಮುಚ್ಚಿಡಬೇಕಾಗಿಲ್ಲ ಅಂತ."

"ಹೇಳಿದೆ. ಹೇಳೋದು ಬೇರೆ, ಬರೆಯೋದು ಬೇರೆ. ಇದು ಹೆಡ್ಡಾಫೀಸಿಗೆ ಹೋಗುತ್ತೆ. ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಒಡಹುಟ್ಟಿದವರು, ಅಷ್ಟೇ ಪಟ್ಟಿ. ಜೊತೆಗಾರ ಅಂದ್ರೆ ಯಾವ ಲೆಕ್ಕ? ಮುಖಕ್ಕೆ ಎಸೀತಾರೆ."

"ಆ ಸಿನಿಮಾ ನಮ್ಮಲ್ಲೇ ಓಡ್ತಿದೆಯಲ್ಲ ಸಾರ್."

"ಓಡ್ತಿದೆ ಮಾಮ, ನಾನೂ ಅತ್ತಿದೀನಿ. ಆಣೆ ಮಾಡಿ ಹೇಳ್ತೀನಿ, ನಂಗೆ ಇದರಲ್ಲಿ ಏನೂ ತಕರಾರಿಲ್ಲ. ನೀವು ಯಾಕ್ರೀ ನಂಗೆ ಇದನ್ನ ಹೇಳಿದ್ರಿ? ತಮ್ಮ ಅಂತ ಬರೆದು ತಂದಿದ್ರೆ ಕಣ್ಣು ಮುಚ್ಕೊಂಡು ಸೈನ್ ಹಾಕ್ತಿದ್ದೆ. ಈಗ ಗೊತ್ತಿದ್ದೂ ಗೊತ್ತಿದ್ದೂ ಸುಳ್ಳಿಗೆ ಸೈನ್ ಹಾಕಬೇಕು ನಾನು!"

ಅವನ ಸಂಕಟ ಅವನಿಗೆ. ಸೀಟು ಮಾಮನಿಗೆ ಒಂದು ಕ್ಷಣ ನಖಶಿಖಾಂತ ಉರಿಯಿತು. ಅರ್ಜಿಯನ್ನು ಅವನ ಮೇಜಿನ ಮೇಲೆಯೇ ಬಿಟ್ಟು, ಆ ಬಟ್ಟೆಯನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ ಎಸೆದು ನಡೆದುಬಿಡಲೇ? ಆದರೆ ಗುರುವಾರಕ್ಕೆ ಒಂದೇ ದಿನ ಉಳಿದಿತ್ತು, ಅಲ್ಲಿ ಒಬ್ಬ ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದ. ಇದಕ್ಕೆಲ್ಲ ಉರಿಯಲು ಬಿಡುವು ಬೇಕು. ಸಿಟ್ಟು ಬಂದ ದಾರಿಯಲ್ಲೇ ಇಳಿದುಹೋಯಿತು.

"ಬೇರೆ ಅರ್ಜಿ ಕೊಡಿ ಸಾರ್" ಎಂದ.

ಮ್ಯಾನೇಜರು ಹಳೆಯದನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದ. ಹೊಸದರಲ್ಲಿ ಸೀಟು ಮಾಮ 'ತಮ್ಮ' ಎಂದು ಬರೆದ. ಸೈನ್ ಬಿತ್ತು, ಸೀಲು ಬಿತ್ತು, ಹತ್ತು ದಿನ ಸಿಕ್ಕಿತು. ಒಂದು ನಿಮಿಷವೂ ಹಿಡಿಯಲಿಲ್ಲ.

ಬಾಗಿಲವರೆಗೆ ಹೋದವನನ್ನು ಮ್ಯಾನೇಜರು ಕರೆದ. ಮುಖದಲ್ಲಿ ಈಗ ಬೆಳಕಿತ್ತು, ತಪ್ಪು ತೊಳೆದುಕೊಳ್ಳಲು ದಾರಿ ಸಿಕ್ಕವನ ಹಾಗೆ.

"ಮಾಮ, ಶನಿವಾರ ನೂರನೇ ದಿನ. ಚಿತ್ರದವರೆಲ್ಲ ಬರ್ತಾರೆ, ಟೀವಿಯವರೂ ಬರ್ತಾರೆ. ನಿಮ್ಮಂಥವರೊಬ್ಬರು ಸ್ಟೇಜು ಹತ್ತಿ ಎರಡು ಮಾತಾಡಿದ್ರೆ ಜನಕ್ಕೆ ಒಂದು ಧೈರ್ಯ ಬರುತ್ತೆ. ನಿಮ್ಮ ಕಥೇನೇ ಹೇಳಿ."

"ಆಗಲ್ಲ ಸಾರ್."

"ಯಾಕ್ರೀ? ಹೆದರಬೇಡಿ, ನಾವಿದೀವಿ."

"ರಜೆ ಮೇಲಿರ್ತೀನಲ್ಲ. ತಮ್ಮನಿಗೆ ಆಪರೇಷನ್ನು."

ಸೀಟು ಮಾಮ ಬಾಗಿಲನ್ನು ಮೆಲ್ಲನೆ ಎಳೆದುಕೊಂಡು ಹೊರಬಿದ್ದ.

ಮಧ್ಯಾಹ್ನ ವಾರ್ಡಿನಲ್ಲಿ ಬ್ರೆಡ್ಡಿನವನು ಚಾವಣಿ ನೋಡುತ್ತಾ ಮಲಗಿದ್ದ. ಮೂಗಿನ ತುದಿಯಲ್ಲಿ ಬೆವರು.

"ಕೊಟ್ರಾ?"

"ಕೊಟ್ರು. ಹತ್ತು ದಿನ."

"ಏನಂತ ಬರೆದೆ?"

"ತಮ್ಮ ಅಂತ." ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಬೆಳಿಗ್ಗೆಯಿಂದ ಹೊತ್ತು ತಿರುಗಿದ ಭಾರ, ಎಲ್ಲಾದರೂ ಇಳಿಸಬೇಕಿತ್ತು. ಸೀಟು ಮಾಮ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು, ಮೊದಲ ಅರ್ಜಿಯಲ್ಲಿ ಬರೆದದ್ದನ್ನು ಪಿಸುದನಿಯಲ್ಲಿ ಹೇಳಿದ.

ಬ್ರೆಡ್ಡಿನವನ ಮುಖ ಬಿಳಿಚಿತು. "ನಿಂಗೆ ತಲೆ ಕೆಟ್ಟಿದೆಯೇನೋ? ಯಾರು ಬರಿ ಅಂದ್ರು ನಿಂಗೆ? ಆ ಮನುಷ್ಯ ನಾಲ್ಕು ಜನಕ್ಕೆ ಹೇಳಿದ್ರೆ? ಮನೆ ಓನರಮ್ಮನಿಗೆ ಗೊತ್ತಾದ್ರೆ? ಈ ಸೊಂಟ ಇಟ್ಕೊಂಡು ನಾನು ಎಲ್ಲಿ ಮನೆ ಹುಡುಕ್ಲಿ? ಎಲ್ಲಿ ಆ ಕಾಗದ?"

"ಹರಿದು ಹಾಕಿದ್ರು."

"ಸದ್ಯ!" ಎಂದು ಉಸಿರುಬಿಟ್ಟು ಅವನು ಕಣ್ಣು ಮುಚ್ಚಿದ.

ಪಕ್ಕದ ಹಾಸಿಗೆಯ ಮುದುಕ ಕೆಮ್ಮಿದ. ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಕಣ್ಣು ತೆರೆಯದೆಯೇ ಬ್ರೆಡ್ಡಿನವನು ಕೇಳಿದ:

"ಹರಿಯೋಕೆ ಮುಂಚೆ ಓದಿದ್ನಾ, ಪೂರ್ತಿ?"

"ಓದಿದ. ಎರಡು ಸಲ."

"ಎರಡು ಸಲ" ಎಂದು ಬ್ರೆಡ್ಡಿನವನು ತನಗೆ ತಾನೇ ಹೇಳಿಕೊಂಡ. ಆಮೇಲೆ ನೀರು ಕೇಳಿದ. ಸೀಟು ಮಾಮ ಒಂದು ಕೈಯಿಂದ ಅವನ ಕತ್ತು ಎತ್ತಿ ಹಿಡಿದು, ಲೋಟವನ್ನು ತುಟಿಗಿಟ್ಟ.