ಈರಪ್ಪನ ಬೆರಳು, ಮೀಟರಿನ ಮುಳ್ಳು

ಕಣ್ಣಿಗೆ ಕಾಣದ ಶಕ್ತಿಗಳ ಮುಂದೆ ಮನುಷ್ಯ ತಲೆಬಾಗಲೇಬೇಕು. ನಾನು ಬಾಗುತ್ತಿದ್ದದ್ದು ಮಾತ್ರ ಟೇಬಲ್ಲಿನಿಂದ ಬಿದ್ದ ಸ್ಕ್ರೂ ಹುಡುಕುವುದಕ್ಕೆ. ಶಕುನ, ಮುನ್ಸೂಚನೆ ಎಂದವರನ್ನೆಲ್ಲ ನಕ್ಕು ಕಳಿಸಿದವನು ನಾನು. ಈಗ ನೀವು ನಕ್ಕರೆ ತಕರಾರಿಲ್ಲ.

ಕೆಲವು ವರ್ಷಗಳ ಹಿಂದೆ ರೋಣದ ನಮ್ಮ ಮನೆಯಲ್ಲಿ ಒಂದು ಸರ್ವೋಪಯೋಗಿ ಯಂತ್ರ ಕಟ್ಟಿದೆ. ಕ್ಷೀಣ ಸಿಗ್ನಲನ್ನು ಹಿಗ್ಗಿಸಿ ಸ್ಪೀಕರಿನಲ್ಲಿ ಕೇಳಿಸಬೇಕು, ಮುಳ್ಳಿನ ಮೀಟರಿನಲ್ಲಿ ಅಳೆದು ತೋರಿಸಬೇಕು, ಕೆಟ್ಟ ರೇಡಿಯೊದ ರೋಗವನ್ನೂ ಹೇಳಬೇಕು. ಇಷ್ಟೆಲ್ಲ ಜವಾಬ್ದಾರಿ ಹೊತ್ತದ್ದು ಒಂದು ಬಿಸ್ಕೀಟ್ ಡಬ್ಬಿ. ಅದು ನಡೆಯುತ್ತಿದ್ದದ್ದು ಬ್ಯಾಟರಿಯ ಮೇಲೆ.

ಇಂಥದ್ದನ್ನು ಪರೀಕ್ಷಿಸಲು ರೇಡಿಯೊ ರಿಪೇರಿಯ ನಮ್ಮ ಕಸುಬಿನವರದ್ದು ಒಂದೇ ಪದ್ಧತಿ: ಒಳಬರುವ ತಂತಿಗೆ ಬೆರಳು ಹಚ್ಚುವುದು. ಮನೆಯ ವೈರಿಂಗಿನಲ್ಲಿ ಕರೆಂಟ್ ಇದ್ದರೆ ಅದರ ಗಾಳಿ ಮೈಗೆ ತಾಗಿ ಸ್ಪೀಕರ್ 'ಗುಂಯ್' ಎನ್ನುತ್ತದೆ. ಕರೆಂಟ್ ಹೋದರೆ ಬೆರಳೂ ಮೂಕ.

ಆ ಮಧ್ಯಾಹ್ನ ಊರಿಗೇ ಕರೆಂಟ್ ಇರಲಿಲ್ಲ. ಮೋಟಾರ್ ರಿಪೇರಿ ಮಾಡುವ ಗೆಳೆಯ ಈರಪ್ಪ ಬಂದಿದ್ದ. ನಾನು ಬೆರಳು ಹಚ್ಚಿದೆ, ಸದ್ದಿಲ್ಲ. ಹೆಂಡತಿ ಹಚ್ಚಿದಳು, ಸದ್ದಿಲ್ಲ. "ತಿಂಗಳಗಟ್ಟಲೆ ಕುಂತು ಮೂಕ ಡಬ್ಬಿ ಮಾಡೀರಿ ನೋಡ್ರಿ," ಎಂದಳು. ಈರಪ್ಪ ನಗುತ್ತ ಹಚ್ಚಿದ. ಗುಂಯ್! ಮುಳ್ಳು ಕೊನೆಗೆ ಹೋಗಿ ಬಡಿಯಿತು.

ಮತ್ತೆ ನಾನು ಹಚ್ಚಿದರೆ ಇಲ್ಲ, ಅವನು ಹಚ್ಚಿದರೆ ಗುಂಯ್. ಅವನ ಮೊಬೈಲ್ ದೂರ ಇಡಿಸಿದೆ, ವಾಚು ಬಿಚ್ಚಿಸಿದೆ, ಡಬ್ಬಿಯನ್ನು ಅಂಗಳಕ್ಕೆ ಒಯ್ದೆ. ಅದೇ ಕಥೆ.

"ಲೇ ಈರ್ಯಾ, ನಿನ್ನ ಹೊಟ್ಟ್ಯಾಗ ಟ್ರಾನ್ಸ್‌ಫಾರ್ಮರ್ ಕುಂದರಿಸ್ಯಾರೇನಲೇ?"

ಅವನು ನಗಲಿಲ್ಲ. ಕುಳಿತ, ಎದ್ದ, ಬಾಗಿಲಿಗೆ ಹೋದ, ಬಂದು ಮತ್ತೆ ಬೆರಳು ಹಚ್ಚಿದ. "ನನ್ನ ತಮ್ಮ ಸವಡಿ ಊರಿನ ಹೊಲದಾಗ ಬೋರಿನ ಕೇಬಲ್ ಜೋಡಸಾಕ ಹೋಗ್ಯಾನಪಾ," ಎಂದ.

"ಹೋಗಲಿ ಬಿಡಲೇ, ಕರೆಂಟ್ ಎಲ್ಲೈತಿ?" ಎಂದೆ. ನಮ್ಮ ಕಡೆ ಎಲ್ಲರೂ ಹೀಗೆಯೇ: ಮನೆಯ ಫ್ಯಾನ್ ನಿಂತಿತೆಂದರೆ ಹೊಲದ ವೈರನ್ನು ಬರಿಗೈಯಲ್ಲಿ ಹಿಡಿಯುತ್ತಾರೆ.

ಈರಪ್ಪ ಫೋನ್ ಹಚ್ಚಿದ. ತಮ್ಮ ಎತ್ತಲಿಲ್ಲ. ಮೂರನೆಯ ಸಲ ಎತ್ತಿದ.

"ಮುತ್ತೂ, ವೈರಿಗೆ ಕೈ ಹಚ್ಚಬ್ಯಾಡ!"

"ಕರೆಂಟ್ ಇಲ್ಲೇಳ ಅಣ್ಣಾ. ಇನ್ನೇನ ವೈರ್ ಹಲ್ಲಿಲೆ ಸುಲೀತಿದ್ದೆ, ನೀನ ಬಿಡಿಸಿದಿ."

"ಮದಲ ಟೆಸ್ಟರ್ ಹಚ್ಚು. ನನ್ನ ಆಣಿ ಐತಿ."

ಫೋನಿನಲ್ಲಿ ಸಾಮಾನಿನ ಚೀಲ ತಡಕಾಡುವ ಸದ್ದು ಕೇಳಿಸಿತು. ಆಮೇಲೆ ಸಣ್ಣ ದನಿ ಬಂತು: "ಅಣ್ಣಾ... ದೀಪ ಹತ್ತೇತೋ."

ಪಕ್ಕದ ಹೊಲದವರು ಜನರೇಟರನ್ನು ಅದೇ ಲೈನಿಗೆ ಜೋಡಿಸಿ ಚಾಲೂ ಮಾಡಿದ್ದರಂತೆ. ಅದನ್ನು ಬಂದ್ ಮಾಡಿಸಿದ ಮೇಲೆ ಈರಪ್ಪ ಮತ್ತೊಮ್ಮೆ ಬೆರಳು ಹಚ್ಚಿದ. ಮುಳ್ಳು ಮಿಸುಕಲಿಲ್ಲ.

ಜನರೇಟರಿನ ವಿಷಯ ನನಗೆ ತಿಳಿಯುತ್ತದೆ. ಮೈಲಿಗಳಾಚೆಯ ಸವಡಿಯ ಹೊಲದ ಕರೆಂಟು ರೋಣದಲ್ಲಿದ್ದವನ ಬೆರಳಿಗೆ ಹೇಗೆ ಬಂತೆಂಬುದು ತಿಳಿಯುವುದಿಲ್ಲ. ಬೆಸುಗೆಗಳನ್ನೆಲ್ಲ ಬಿಚ್ಚಿ ನೋಡಿದೆ. ನರಗುಂದದ ಹಿರಿಯ ಮೆಕ್ಯಾನಿಕ್ಕೊಬ್ಬರಿಗೆ ತೋರಿಸಿದೆ. ಅವರು ಬಹಳ ಹೊತ್ತು ಯೋಚಿಸಿ, "ಡಬ್ಬಿ ಚಲೋ ಐತ್ರಿ," ಎಂದರು.

ಆ ಸಂಜೆ ಐದಕ್ಕೆ ಮುತ್ತು ಕೇಬಲ್ ಜೋಡಿಸಿ ಮುಗಿಸಿದ.