ಆಗಸ್ಟ್ ಆರು ಜೂನ್ ಎಂಟಾದ ಮೇಲೆ

ಬೆಳಗಿನ ಆರು ಗಂಟೆ. ಚೆಂಬೂರಿನ ಧರ್ಮಾರ್ಥ ದವಾಖಾನೆಯ ಶಟರ್ ಇನ್ನೂ ಅರ್ಧವೇ ಎದ್ದಿದೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಬಗ್ಗಿ ಒಳಗೆ ಹೋದರೆ ಮೊದಲು ಫ್ಯಾನಿನ ಸದ್ದು, ಆಮೇಲೆ ಟಕಟಕ ಸದ್ದು. ವಿನೋದಿನಿ ಸುವರ್ಣ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಹಸಿರು ಅಕ್ಷರಗಳಲ್ಲಿ ಮೊದಲು ಮೂಡುವುದು ಇವತ್ತಿನ ತಾರೀಕು. ಅದನ್ನು ಟೈಪ್ ಹೊಡೆದು, ಗೋಡೆಯ ಕ್ಯಾಲೆಂಡರ್ ನೋಡಿ, ಮತ್ತೊಮ್ಮೆ ಪರದೆ ನೋಡಿ, ಆಮೇಲೆ ಚಹಾದ ಲೋಟಕ್ಕೆ ಕೈ ಹಾಕುತ್ತಾರೆ.

“ತಾರೀಕು ಸರಿ ಉಂಟಾ ಅಂತ ನೋಡದೆ ನಂಗೆ ಚಾ ಗಂಟಲಲ್ಲಿ ಇಳಿಯುದಿಲ್ಲ ಮಾರಾಯ್ರೆ” ಎಂದು ನಗುತ್ತಾರೆ.

ಈ ದವಾಖಾನೆಯಲ್ಲಿ ಹೆಸರುಗಳಿಗೆ ಬರವಿಲ್ಲ. ಡಾಕ್ಟರರದು ಬೋರ್ಡಿನ ಮೇಲಿದೆ, ದಾನಿಗಳದು ಅಮೃತಶಿಲೆಯಲ್ಲಿದೆ, ಫ್ಯಾನ್ ಕೊಟ್ಟ ಪುಣ್ಯಾತ್ಮರೊಬ್ಬರ ಹೆಸರು ಅದರ ರೆಕ್ಕೆಗಳ ಮೇಲೆ ಗಿರಗಿರ ತಿರುಗುತ್ತಿದೆ. ವಿನೋದಿನಿಯವರ ಹೆಸರು ಮಾತ್ರ ಎಲ್ಲೂ ಕಾಣುವುದಿಲ್ಲ. ದಿನಕ್ಕೆ ನಲವತ್ತು ಐವತ್ತು ಮಕ್ಕಳ ಹೆಸರನ್ನು ತಾರೀಕಿನ ಕೆಳಗೆ ಕೂರಿಸುವವರು ಅವರೇ.

ಅವರು ಕಾಪುವಿನ ಕಡೆಯವರು. ತಂದೆ ದಾದರಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಅದೇ ಗಲ್ಲಿಯ ಟೈಪಿಂಗ್ ಕ್ಲಾಸಿನಲ್ಲಿ ಕಲಿತು, ಅಂಧೇರಿಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ನಿಂತುಕೊಂಡೇ ಲೋಕಲ್‌ನಲ್ಲಿ ಓಡಾಡಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಕಂಪನಿ ಬಾಗಿಲು ಹಾಕಿತು. ತಂದೆ ಅಷ್ಟರಲ್ಲಿ ತೀರಿಹೋಗಿದ್ದರು. ತಾಯಿಯೊಂದಿಗೆ ಚೆಂಬೂರಿನ ಚಾಳಿನಲ್ಲಿ ಕಂಗಾಲಾಗಿ ಕೂತಿದ್ದವರನ್ನು ಇಲ್ಲಿಗೆ ಕರೆದವರು ಮೈಸೂರಿನಿಂದ ಬಂದು ಇಲ್ಲೇ ನೆಲೆಸಿದ ಡಾಕ್ಟರ್ ಜಯಸಿಂಹ. “ಅವರು ಕರೆಯದಿದ್ರೆ ನಾವು ಊರಿನ ಬಸ್ಸು ಹತ್ತುವುದೇ ಇತ್ತು. ಆ ಉಪಕಾರ ಮರೆಯುವಂಥದ್ದಲ್ಲ” ಎನ್ನುತ್ತಾರೆ.

ಇಲ್ಲಿಗೆ ಬರುವವರಲ್ಲಿ ಒಂದು ಬಗೆಯ ಜ್ವರದ ಮಕ್ಕಳು ಹೆಚ್ಚು. ಗಂಟಲು ನೋವಿನಿಂದ ಶುರುವಾಗಿ, ಕೀಲುಗಳನ್ನು ಹಿಡಿದು, ಕೊನೆಗೆ ಹೃದಯಕ್ಕೆ ಕೈ ಹಾಕುವ ಜ್ವರ ಅದು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ತಪ್ಪಬಾರದು. ತಪ್ಪಿದರೆ ಜ್ವರ ಮರಳಿ ಬಂದು ಹೃದಯದ ಕವಾಟವನ್ನೇ ಕೆಡಿಸಬಹುದು. ತಂದೆತಾಯಿ ಕೂಲಿಗೆ ಹೋಗುವವರಾದ್ದರಿಂದ, ಆಯಾ ದಿನದ ಹೆಸರುಗಳನ್ನು ಹಿಡಿದು ಕಂಪೌಂಡರ್ ಚೆನ್ನಯ ಬೆಳಿಗ್ಗೆಯೇ ಝೋಪಡಿಗಳಿಗೆ ಹೋಗಿ ಮಕ್ಕಳನ್ನು ಕರೆತರುತ್ತಾರೆ.

ಕಳೆದ ವರ್ಷ, ತೊಂಬತ್ತೊಂದರ ಜುಲೈ ನಡುವಿನಲ್ಲಿ, ಡಾಕ್ಟರರ ತಮ್ಮ ಅಮೆರಿಕದಿಂದ ಈ ಕಂಪ್ಯೂಟರ್ ಕಳಿಸಿದರು. ಜೊತೆಗೆ ದಿನಚರಿ ಬರೆಯುವ ಒಂದು ಪ್ರೋಗ್ರಾಮು. ತಾರೀಕು ತಲೆಬರಹವಾಗುತ್ತದೆ, ಅದರ ಕೆಳಗೆ ಸ್ವಲ್ಪ ಒಳಸರಿದು ಮಗುವಿನ ಹೆಸರು, ಇನ್ನೂ ಒಳಗೆ ಕೊಟ್ಟ ಔಷಧಿ. ಒಂದು ಗುಂಡಿ ಒತ್ತಿದರೆ ಇಡೀ ದಿನ ತಲೆಬರಹದೊಳಗೆ ಮಡಚಿಕೊಳ್ಳುತ್ತದೆ. ಮುಂದಿನ ಸೂಜಿಯ ತಾರೀಕು ಹೊಡೆದರೆ ಮಗು ತಾನಾಗಿ ಆ ದಿನದ ಕೆಳಗೆ ಹೋಗಿ ಕೂರುತ್ತದೆ. ಎಲ್ಲರೂ ಬೆರಗಾದರು, ಪೇಢೆ ಹಂಚಿದರು.

ಆಗಸ್ಟ್ ಎಂಟರ ಗುರುವಾರ ಹನುಮವ್ವ ಬಂದರು. ಬಿಜಾಪುರದ ಕಡೆಯಿಂದ ಬಂದು ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ಹೆಂಗಸು. ಬಗಲಲ್ಲಿ ಒಂಬತ್ತು ವರ್ಷದ ಮಗಳು ದೇವಕ್ಕ. ಎತ್ತಿಕೊಳ್ಳುವ ವಯಸ್ಸಲ್ಲ, ಆದರೂ ಎತ್ತಿಕೊಂಡಿದ್ದರು.

“ಮೂರ ಪಗಾರ ಆಗಿ ಮ್ಯಾಲ ಎರಡ ದಿನ ಹೋತ್ರಿ ಬಾಯಾರ. ನಿಮ್ಮ ಮಂದಿ ಯಾಕ ಬರಲಿಲ್ಲ? ನನ್ನ ಮಗಳ ಎದಿ ನಿಮ್ಮ ಡಬ್ಬಿ ಹೇಳೂತನಾ ಕಾಯ್ತೈತೇನ್ರಿ?”

ಶನಿವಾರ ಶನಿವಾರ ಕೂಲಿ ಸಿಗುವವರಿಗೆ ವಾರವೆಂದರೆ ಪಗಾರ. ಮೂರನೆಯ ಪಗಾರ ಆದ ಮಂಗಳವಾರ, ಅಂದರೆ ಆಗಸ್ಟ್ ಆರಕ್ಕೆ, ದೇವಕ್ಕನಿಗೆ ಸೂಜಿ ಬೀಳಬೇಕಿತ್ತು. ಡಾಕ್ಟರರು ಮೊದಲು ಸೂಜಿ ಕೊಟ್ಟರು. ವಿನೋದಿನಿ ಯಂತ್ರದಲ್ಲಿ ಹುಡುಕಿದರು. ಆಗಸ್ಟ್ ಆರರ ಕೆಳಗೆ ಮಗು ಇಲ್ಲ. ಕೊನೆಗೆ ಸಿಕ್ಕಿದ್ದು ಜೂನ್ ಎಂಟರಲ್ಲಿ, ಆಗಿಹೋದ ದಿನಗಳ ನಡುವೆ. ಇವರು ನಮ್ಮ ರೂಢಿಯಂತೆ 6-8-91 ಎಂದು ಹೊಡೆದಿದ್ದರು. ಅಮೆರಿಕದ ಪ್ರೋಗ್ರಾಮು ತನ್ನ ರೂಢಿಯಂತೆ ತಿಂಗಳನ್ನು ಮೊದಲು ಓದಿತ್ತು.

“ಹದಿಮೂರರಿಂದ ಮೇಲಿನ ತಾರೀಕಿಗೆ ಎಂತ ತೊಂದರೆ ಇಲ್ಲ, ಹದಿಮೂರನೇ ತಿಂಗಳು ಎಲ್ಲುಂಟು? ತಿಂಗಳ ಮೊದಲ ಹನ್ನೆರಡು ದಿನ ಉಂಟಲ್ಲ, ಅವೇ ಕಳ್ಳರು” ಎನ್ನುತ್ತಾರೆ ವಿನೋದಿನಿ. ಅಂದು ಇನ್ನೂ ಕೆಲವು ಮಕ್ಕಳು ಹಾಗೆಯೇ ಹಿಂದಿನ ತಿಂಗಳುಗಳಲ್ಲಿ ಸಿಕ್ಕಿಬಿದ್ದಿದ್ದರು. ಚೆನ್ನಯ ಊಟ ಬಿಟ್ಟು ಓಡಿದರು. ಸಂಜೆಯೊಳಗೆ ಎಲ್ಲರಿಗೂ ಸೂಜಿ ಆಯಿತು. ಯಾರಿಗೂ ಏನೂ ಆಗಲಿಲ್ಲ, ಸದ್ಯ.

“ಹನುಮವ್ವ ಬಂದು ಬೈಯದಿದ್ದರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಆ ಬೈಗುಳ ನಂಗೆ ದೇವರು ಕೊಟ್ಟದ್ದು” ಎನ್ನುತ್ತಾರೆ.

ಸರಿಪಡಿಸುವುದು ಸುಲಭವಿರಲಿಲ್ಲ. ತಿಂಗಳನ್ನು ಅಕ್ಷರದಲ್ಲಿ ಬರೆಯೋಣ ಎಂದರು ಡಾಕ್ಟರರು. ಯಂತ್ರ ಅದನ್ನು ಎಬಿಸಿಡಿ ಪ್ರಕಾರ ಜೋಡಿಸಿ, ಜನವರಿಗಿಂತ ಮೊದಲೇ ಡಿಸೆಂಬರನ್ನು ತಂದು ಕೂರಿಸಿತು. ಇಬ್ಬರೂ ತಲೆ ಕೆರೆದುಕೊಂಡರು. ಒಂದು ಭಾನುವಾರ ಮನೆಯಲ್ಲಿ ಪಾತ್ರೆ ಜೋಡಿಸುವಾಗ ವಿನೋದಿನಿಗೆ ಹೊಳೆಯಿತು. ದೊಡ್ಡ ಪಾತ್ರೆ ಮೊದಲು, ಅದರೊಳಗೆ ನಡುವಿನದು, ಅದರೊಳಗೆ ಸಣ್ಣದು. ಹಾಗೆಯೇ ವರ್ಷ, ತಿಂಗಳು, ದಿನ. ಸೋಮವಾರ ಅದನ್ನೇ ಹೊಡೆದು ನೋಡಿದರು, ದಿನಗಳು ಸಾಲಾಗಿ ನಿಂತವು.

ಆದರೆ ಅದು ಯಂತ್ರಕ್ಕೆ. ಮನುಷ್ಯರಿಗಾಗಿ ಅದರ ಪಕ್ಕದಲ್ಲೇ ವಾರದ ಹೆಸರು, ಅಕ್ಷರದಲ್ಲಿ ತಿಂಗಳು. ತಾಯಂದಿರ ಕೈಗೆ ಕೊಡುವ ಚೀಟಿಯಲ್ಲಿ ಇನ್ನೂ ಒಂದು ಸಾಲು: “ಮೂರು ಪಗಾರ ಆದ ಮೇಲೆ, ಮಂಗಳವಾರ.” ಅದು ಹನುಮವ್ವನಿಂದ ಕಲಿತದ್ದು ಎಂದು ಎಲ್ಲರಿಗೂ ಹೇಳುತ್ತಾರೆ. ಹನುಮವ್ವ ಈಗ ಬಂದಾಗಲೆಲ್ಲ ಸೆರಗಿನ ಗಂಟಿನಿಂದ ಶೇಂಗಾ ಬಿಚ್ಚಿ ಅವರ ಮೇಜಿನ ಮೇಲೆ ಸುರಿಯುತ್ತಾರೆ. ದೇವಕ್ಕನಿಗೆ ಹತ್ತು ತುಂಬಿದೆ. ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಹಿಂದಿ. ಅಂದಿನಿಂದ ಒಂದು ಸೂಜಿಯೂ ತಪ್ಪಿಲ್ಲ.

ನಾನು ಹೊರಡುವ ಹೊತ್ತಿಗೆ ಡಾಕ್ಟರರು ಬಂದು ಪರದೆಗೆ ಇಣುಕಿದರು. “ನಮ್ಮ ವಿನೋದಿನಿ ವರ್ಷಾನ ಪೂರ್ತಿ ಹೊಡೀತಾಳೆ, ನೋಡಿ. ಯಾಕಮ್ಮ, ತೊಂಬತ್ತೆರಡು ಅಂದ್ರೆ ಸಾಲ್ದಾ?” ಎಂದು ರೇಗಿಸಿದರು.

“ಸಾಲುದಿಲ್ಲ ಡಾಕ್ಟ್ರೇ. ದೇವಕ್ಕನಿಗೆ ಇಪ್ಪತ್ತೊಂದು ಆಗುವ ತನಕ ಸೂಜಿ ಬೇಕು ಅಂತ ನೀವೇ ಹೇಳಿದ್ದಲ್ವಾ? ಅದು ಎರಡು ಸಾವಿರದ ಮೂರು. ಬರೇ ಸೊನ್ನೆ ಮೂರು ಅಂತ ಹೊಡೆದ್ರೆ ಈ ಮೆಷಿನು ಸಾವಿರದ ಒಂಬೈನೂರ ಮೂರು ಅಂತ ಓದಿ ಅವಳನ್ನು ಅವಳು ಹುಟ್ಟುವ ಮೊದಲೇ ಕೂರಿಸ್ತದೆ.” ಡಾಕ್ಟರರ ನಗು ನಿಂತಿತು. ನಿಧಾನವಾಗಿ ಹೌದೆಂದು ತಲೆಯಾಡಿಸಿದರು.

ನಿಮ್ಮ ಆಸೆ ಏನು ಎಂದು ಕೇಳಿದೆ. ವಿನೋದಿನಿ ಮೇಜಿನ ಮೇಲಿನ ಶೇಂಗಾ ಸಿಪ್ಪೆಯನ್ನು ಅಂಗೈಗೆ ಒಟ್ಟುಮಾಡಿಕೊಂಡರು.

“ಅಷ್ಟು ವರ್ಷ ನಾನು ಇಲ್ಲೇ ಇರಬೇಕು. ಎರಡು ಸಾವಿರದ ಮೂರರ ಒಂದು ತಾರೀಕು ಹೊಡೆದು, ಅದರ ಕೆಳಗೆ ದೇವಕ್ಕ ಅಂತ ಬರೆದು, ಹೆಸರಿನ ಕೆಳಗೆ ‘ಇನ್ನು ಸೂಜಿ ಬೇಡ’ ಅಂತ ನಾನೇ ಹೊಡಿಬೇಕು.”