ಮಿಸ್ಫರನ ಮನೆಯ ಕಾಫಿ

ಸುವೈಲಿಮನಿಗೆ ಆ ದಿನ ಬೆಳಿಗ್ಗೆಯಿಂದಲೇ ಮೊಣಕಾಲು ನೋಯುತ್ತಿತ್ತು. ಕತ್ರಾನಾದಿಂದ ದಕ್ಷಿಣಕ್ಕೆ, ಮರಳುಗಾಡಿನ ಹೆದ್ದಾರಿಯ ಎರಡೂ ಮಗ್ಗುಲಿನ ಊರುಗಳಿಗೆ ಅವನು ರಸ್ತೆ ಸುರಕ್ಷತೆಯ ಸಂಯೋಜಕ. ವರ್ಷಗಟ್ಟಲೆ ಅವನು ಮಾಡಿದ್ದೆಂದರೆ ಕೂತು ಮಾತಾಡಿದ್ದು. ಶಾಲೆಗಳಲ್ಲಿ, ಪೆಟ್ರೋಲ್ ಬಂಕುಗಳಲ್ಲಿ, ಹಿರಿಯರ ಡೇರೆಗಳಲ್ಲಿ ಅದೇ ಮಾತು: ನಿದ್ದೆ ಬಂದರೆ ಲಾರಿ ನಿಲ್ಲಿಸಿ, ಬೆಲ್ಟ್ ಹಾಕಿ, ರಸ್ತೆಯಂಚಿನ ಮಣ್ಣಿನಲ್ಲಿ ನುಗ್ಗಿಸಿಕೊಂಡು ಮುಂದೆ ಹೋಗಬೇಡಿ. ಅಕಬಾ ಬಂದರಿಗೆ ಅದಿರು ಸಾಗಿಸುವ ಚಾಲಕರು ಅವನನ್ನು ಕಂಡರೆ ಸಾಕು, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು:

"ಅಬೂ ಗೈಸ್ ಬಂದ, ಬೆಲ್ಟ್ ಹಾಕ್ಕೊಳ್ರೋ. ಚಹಾ ಕುಡಿದು ಹೋದ್ಮೇಲೆ ಬಿಚ್ಚಿದ್ರಾಯ್ತು."

ಹಿರಿಮಗ ಗೈಸನ ಹೆಸರು ಹಿಡಿದು, ಗೈಸನ ಅಪ್ಪ ಎಂದು, ಅವನನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆ. ಅವನೂ ನಗುತ್ತಿದ್ದ. ಈಚೆಗೆ ನಗುವುದಕ್ಕೂ ಸುಸ್ತು. ಅಮ್ಮಾನಿನ ಕಚೇರಿಯಲ್ಲಿ ಕೂತು ಮಾಡುವ ಕೆಲಸ ಕೇಳಿದ್ದ. ಮುಂದಿನ ತಿಂಗಳು ಬಾ ಎಂದಿದ್ದರು.

ಅಷ್ಟರಲ್ಲಿ ಹಮ್ದಾ ಸತ್ತಳು. ಕುರಿ ಸಾಕುವ ಮಿಸ್ಫರನ ಹೆಂಡತಿ. ಬಸ್ಸಿಗೆಂದು ರಸ್ತೆಯಂಚಿನಲ್ಲಿ ನಿಂತಿದ್ದವಳ ಮೇಲೆ ಝೈದಾನ್ ಎಂಬ ಹುಡುಗ ನಿದ್ದೆಗಣ್ಣಿನಲ್ಲಿ ಲಾರಿ ಹತ್ತಿಸಿದ್ದ.

ಇಂಥ ಸಾವಾದರೆ ಚಾಲಕನ ಕಡೆಯ ಹಿರಿಯರು ಗುಂಪು ಕಟ್ಟಿಕೊಂಡು ಸತ್ತವರ ಮನೆಗೆ ಹೋಗಿ ಕ್ಷಮೆ ಕೇಳಬೇಕು. ಎರಡೂ ಕಡೆಗೆ ಬೇಕಾದವನು ಎಂದು ಪ್ರತಿ ಸಲವೂ ಸುವೈಲಿಮನಿಗೆ ಕರೆ ಬರುತ್ತಿತ್ತು. ಝೈದಾನನ ದೊಡ್ಡಪ್ಪ ಅಬೂ ತರ್ರಾದ್, ಲಾರಿಯ ಮಾಲೀಕ, ಈ ಸಲ ತಾನೇ ಬಾಗಿಲಿಗೆ ಬಂದಿದ್ದ. ಹಿಂದೊಮ್ಮೆ ಇದೇ ಝೈದಾನ್ ಒಬ್ಬ ಮುದುಕನ ಕಾಲು ಮುರಿದಿದ್ದ. ಆಗಲೂ ಇದೇ ಗುಂಪು, ಬೇಡಿಕೊಂಡವನು ಇದೇ ಸುವೈಲಿಮ್. ಕ್ಷಮೆ ಸಿಕ್ಕಿತ್ತು, ಹುಡುಗ ವಾರದೊಳಗೆ ಮತ್ತೆ ಲಾರಿ ಹತ್ತಿದ್ದ. ಅದು ನೆನಪಾಗಿ, ಬರುವುದಿಲ್ಲ ಎನ್ನಬೇಕೆಂದು ಸುವೈಲಿಮನಿಗೆ ಅನ್ನಿಸಿತು. ಆದರೆ ಹಾಗೆನ್ನಲು ಬಾಯಿ ಬರಲಿಲ್ಲ. ಇದೊಂದು ಕೊನೆಯದು ಎಂದುಕೊಂಡು ಅವರ ಕಾರು ಹತ್ತಿದ.

ಮಿಸ್ಫರನ ಮನೆಯಲ್ಲಿ ಅಬೂ ತರ್ರಾದನ ಕೈಗೆ ಕಾಫಿ ಕೊಟ್ಟರು. ರೂಢಿಯಂತೆ ಅವನು ಕುಡಿಯದೆ ಬಟ್ಟಲನ್ನು ನೆಲದ ಮೇಲಿಟ್ಟು, ಕೇಳಿದ್ದು ಸಿಗುವವರೆಗೆ ಮುಟ್ಟುವುದಿಲ್ಲ ಎಂದ. ಹಣೆಬರಹದ ಬಗ್ಗೆ, ದೇವರ ಇಚ್ಛೆಯ ಬಗ್ಗೆ ಬಹಳ ಹೊತ್ತು ಮಾತಾಡಿದ. ಮಿಸ್ಫರ್ ತಲೆ ಎತ್ತದೆ ಕೇಳಿಸಿಕೊಂಡು, ದೇವರಿಗಾಗಿ, ಬಂದ ಅತಿಥಿಗಳಿಗಾಗಿ ಕ್ಷಮಿಸಿದ್ದೇನೆ ಎಂದ. ಎಲ್ಲರ ಉಸಿರು ಸಡಿಲವಾಯಿತು. ಅಬೂ ತರ್ರಾದ್ ಕುಡಿದ. ಕಾಫಿ ಸಾಲಿನುದ್ದಕ್ಕೂ ಬಂತು.

ಸುವೈಲಿಮ್ ತನ್ನ ಬಟ್ಟಲನ್ನು ನೆಲದ ಮೇಲಿಟ್ಟ.

ಅಬೂ ತರ್ರಾದ್ ಮೆಲ್ಲಗೆ, "ಕುಡಿಯೋ. ಕೆಲಸ ಮುಗೀತಲ್ಲ," ಎಂದ.

"ನಿಮ್ಮದು ಮುಗೀತು. ನಾನು ಕೇಳೋದು ಇನ್ನೂ ಇದೆ," ಎಂದು ಸುವೈಲಿಮ್ ಮಿಸ್ಫರನ ಕಡೆ ತಿರುಗಿದ. "ಆ ಹುಡುಗ ಒಂದು ವರ್ಷ ಸ್ಟೇರಿಂಗ್ ಮುಟ್ಟಬಾರದು ಅಂತ ಷರತ್ತು ಹಾಕು, ಮಿಸ್ಫರ್. ಹಾಕೋ ಹಕ್ಕು ನಿನಗಿದೆ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಯಾರ ಜೊತೆ ಬಂದು ಯಾರ ಪರ ಮಾತಾಡುತ್ತಿದ್ದಾನೆ ಇವನು ಎಂದು ಯಾರೋ ಅಂದರು. ಅಬೂ ತರ್ರಾದನ ಮುಖ ಕೆಂಪಾಯಿತು.

"ನಮ್ಮ ಕಾರಲ್ಲೇ ಬಂದೆಯಲ್ಲೋ ನೀನು."

"ಹೌದು. ಹೋದ ಸಲಾನೂ ನಿಮ್ಮ ಕಾರಲ್ಲೇ ಬಂದಿದ್ದೆ."

ಮಿಸ್ಫರ್ ಈಗ ತಲೆ ಎತ್ತಿದ. ಸುವೈಲಿಮನಿಗೆ ಹೇಳಿದ: "ಆಯ್ತು, ಹಾಕಿದೆ. ಆದ್ರೆ ಷರತ್ತಿಗೆ ಜಾಮೀನು ಬೇಕು. ಕೇಳಿದೋನು ನೀನು, ಅಬೂ ಗೈಸ್. ನೀನೇ ನಿಲ್ತೀಯಾ?"

ಸುವೈಲಿಮ್ ಇದನ್ನು ಎಣಿಸಿರಲಿಲ್ಲ. ಜಾಮೀನು ನಿಂತವನ ಮಾತು ಮುರಿದುಬಿದ್ದರೆ ಆ ಸೀಮೆಯ ಯಾವ ಮನೆಯಲ್ಲೂ ಅವನಿಗೆ ಮತ್ತೆ ಕಾಫಿ ಇಲ್ಲ. ಝೈದಾನ್ ಯಾವ ಲಾರಿ ಹತ್ತಿದ, ಯಾವ ಬಂಕಿನಲ್ಲಿ ಕಂಡ ಎಂದು ವರ್ಷವಿಡೀ ಕಣ್ಣಿಟ್ಟಿರಬೇಕು. ಅಮ್ಮಾನಿನ ಕುರ್ಚಿಯಲ್ಲಿ ಕೂತು ಆಗುವ ಕೆಲಸವಲ್ಲ ಅದು. ಮತ್ತೆ ಇದೇ ರಸ್ತೆ, ಇದೇ ಧೂಳು, ಇದೇ ಮೊಣಕಾಲು.

"ನಿಲ್ತೀನಿ," ಎಂದ.

ಬಟ್ಟಲೆತ್ತಿ ಕುಡಿದ. ಕಾಫಿ ಆರಿಹೋಗಿತ್ತು. ಆ ಮನೆಯೊಳಗೆ ಕೂತು ಇಲ್ಲವೆನ್ನಲಾಗದೆ ಅಬೂ ತರ್ರಾದನೂ ತಲೆಯಾಡಿಸಿದ. ಆದರೆ ಹೊರಗೆ ಬಂದ ಮೇಲೆ ಕಾರುಗಳು ಸುವೈಲಿಮನಿಗೆ ಕಾಯದೆ ಹೊರಟುಬಿಟ್ಟವು.

ಬಸ್ಸಿರುವ ಹೊತ್ತು ಇದು ಎಂದು ಮಿಸ್ಫರ್ ಅವನ ಜೊತೆ ಹೆದ್ದಾರಿಯವರೆಗೆ ನಡೆದು ಬಂದ. ಹಮ್ದಾ ನಿಂತಿದ್ದ ಜಾಗ ಅದು. ಅಮ್ಮಾನಿಗೆ ಫೋನು ಮಾಡಿ ಏನು ಹೇಳುವುದೆಂದು ಯೋಚಿಸುತ್ತ ಸುವೈಲಿಮ್ ಬಸ್ಸು ಬರುವ ದಿಕ್ಕಿಗೆ ಕತ್ತು ಚಾಚಿ ನಿಂತ. ಅದಿರಿನ ಲಾರಿಯೊಂದು ಬಿಸಿ ಗಾಳಿ ಎಬ್ಬಿಸಿಕೊಂಡು ಬರುತ್ತಿತ್ತು. ಮಿಸ್ಫರ್ ಅವನ ತೋಳು ಹಿಡಿದೆಳೆದ.

"ಸ್ವಲ್ಪ ಹಿಂದಕ್ಕೆ ಬಾ, ಅಬೂ ಗೈಸ್."

ಸುವೈಲಿಮ್ ಹಿಂದಕ್ಕೆ ಬಂದ.